ಅಮ್ಮ ಆರಿಸಿದ ಇಟಲಿಯ ಮನೆ

ಆ ಭಾನುವಾರ ಮಧ್ಯಾಹ್ನ ಅಮ್ಮ ಕೋರಿ ರೊಟ್ಟಿ ಮಾಡಿದ್ದಳು. ಗರಿಗರಿ ಅಕ್ಕಿ ರೊಟ್ಟಿಯ ಮೇಲೆ ಕೋಳಿ ಸಾರು ಹೊಯ್ದರೆ, ರೊಟ್ಟಿ ಮೆತ್ತಗಾಗುವ ಮೊದಲು ತಿಂದು ಮುಗಿಸಬೇಕು. ನನ್ನ ಗಂಡ ಮೈಸೂರಿನ ಕಡೆಯವರು. ಮದುವೆಯಾಗಿ ಐದಾರು ತಿಂಗಳಾಗಿದ್ದರೂ ಅವರಿಗೆ ಆ ವೇಗ ಬಂದಿರಲಿಲ್ಲ.

"ಅಳಿಯ ದೇವರೇ, ಅದು ಮುದ್ದೆ ಅಲ್ಲ. ನೋಡ್ತಾ ಕೂತ್ರೆ ಗಂಜಿ ಆಗ್ತದೆ," ಎಂದಳು ಅಮ್ಮ.

"ನಿಧಾನಕ್ಕೆ ತಿಂದ್ರೆ ಎರಡನೇ ಸಲ ಬಡಿಸಲ್ಲ ಅಂತ ಈಗ ಗೊತ್ತಾಯ್ತು ಅತ್ತೆ," ಎಂದರು ಅವರು.

ಅಬುಧಾಬಿಯ ಬನಿಯಾಸಿನ ಆ ಫ್ಲಾಟಿನಲ್ಲಿ ಅಪ್ಪ ಅಮ್ಮ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ನಾನು ಓದಿದ್ದು, ದೊಡ್ಡವಳಾದದ್ದು ಅಲ್ಲೇ. ಮದುವೆಯ ನಂತರ ನಾವಿಬ್ಬರೂ ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಮನೆ ಮಾಡಿದ್ದೆವು. ಅವರಿಗೆ ಅಲ್ಲೇ ಕಂಪ್ಯೂಟರ್ ಕೆಲಸ, ನನಗೆ ಪಕ್ಕದ ಒಂದು ಸಣ್ಣ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಭಾನುವಾರವೆಂದರೆ ಬನಿಯಾಸ್ ಎಂದಾಗಿತ್ತು.

ಊಟ ಮುಗಿಯುವ ಹೊತ್ತಿಗೆ ಅಪ್ಪ ಕೈ ಒರೆಸಿಕೊಳ್ಳುತ್ತ ಕೇಳಿದರು. "ಪಾಸ್‌ಪೋರ್ಟ್ ಎಲ್ಲಿ ಇಟ್ಟಿದ್ದಿ?"

ಬೇರೆ ಅಪ್ಪಂದಿರು ಊಟ ಆಯ್ತಾ ಎಂದು ಕೇಳುವಂತೆ ನನ್ನಪ್ಪ ಇದನ್ನು ಕೇಳುತ್ತಾರೆ. ಅವರು ಒಂದು ಕಟ್ಟಡ ಕಂಪೆನಿಯ ಪಿಆರ್‌ಒ. ಕೆಲಸಗಾರರ ವೀಸಾ, ಐಡಿ, ಮೆಡಿಕಲ್ ಎಂದು ಸರ್ಕಾರಿ ಕಚೇರಿಗಳಿಗೆ ಓಡಾಡುವುದೇ ಅವರ ಕೆಲಸ. ಅವರ ಕಂದು ಬಣ್ಣದ ಚೀಲದಲ್ಲಿ ಯಾವಾಗಲೂ ಬೇರೆಯವರ ಪಾಸ್‌ಪೋರ್ಟುಗಳು ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಕೂತಿರುತ್ತಿದ್ದವು. ಪಾಸ್‌ಪೋರ್ಟ್ ಕೈಯಲ್ಲಿಲ್ಲದ ಮನುಷ್ಯರ ಕಷ್ಟವನ್ನು ಅವರಷ್ಟು ಕಂಡವರು ಕಡಿಮೆ.

"ಕೊಟ್ಟಾಯ್ತಲ್ಲ ಅಪ್ಪ. ಗುರುವಾರ. ಇಟಲಿ ವೀಸಾಕ್ಕೆ," ಎಂದೆ.

"ಇಬ್ಬರದ್ದೂ?"

"ಇಬ್ಬರದ್ದೂ."

"ವಾಪಸ್ ಬರುವವರೆಗೆ ಕೈ ಖಾಲಿ," ಎಂದರು ಅಪ್ಪ.

"ನಿಮ್ಮದೊಂದು! ಅವರೇನು ಓಡಿ ಹೋಗ್ಲಿಕ್ಕುಂಟಾ?" ಎಂದು ಅಮ್ಮ ಅವರ ಬಾಯಿ ಮುಚ್ಚಿಸಿದಳು. ಆಮೇಲೆ ನನ್ನ ಪಕ್ಕ ಸೋಫಾದಲ್ಲಿ ಕೂತು, "ಆ ಮನೆ ಇನ್ನೊಮ್ಮೆ ತೋರಿಸು," ಎಂದಳು.

ಆ ಮನೆಯನ್ನು ಆರಿಸಿದ ಕಥೆಯನ್ನು ಇಲ್ಲಿ ಹೇಳಬೇಕು. ಮುಂದೆ ಆದದ್ದೆಲ್ಲ ಅದರಿಂದಲೇ ಆಯಿತು.

ಇಟಲಿ ನನ್ನ ಗಂಡನ ಆಸೆ. ಅವರ ಊರಿನ ಕ್ಷೌರದಂಗಡಿಯಲ್ಲಿ ಕನ್ನಡಿಯ ಮೇಲೆ ಒಂದು ಹಳೆಯ ಕ್ಯಾಲೆಂಡರ್ ಇತ್ತಂತೆ. ಹಸಿರು ದಿಬ್ಬ, ದಿಬ್ಬ ಹತ್ತುವ ಮಣ್ಣಿನ ದಾರಿ, ದಾರಿಯ ಎರಡೂ ಕಡೆ ಉದ್ದನೆಯ ಮರಗಳು, ತುದಿಯಲ್ಲಿ ಒಂದೇ ಒಂದು ಮನೆ. ಕಟಿಂಗಿಗೆ ಕೂತಾಗಲೆಲ್ಲ ಆ ಮನೆಯಲ್ಲಿ ಯಾರಿರಬಹುದು ಎಂದು ಯೋಚಿಸುತ್ತಿದ್ದರಂತೆ. ಮದುವೆಯ ಗಡಿಬಿಡಿಯಲ್ಲಿ ರಜೆ ಸಾಲದೆ ನಾವು ಎಲ್ಲಿಗೂ ಹೋಗಿರಲಿಲ್ಲ. ಈಗ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿತ್ತು. ಅಂಥ ಒಂದು ಮನೆಯಲ್ಲಿ ಎಂಟು ದಿನ ಇರುವುದೆಂದು ಮಾತಾಯಿತು.

ಫೋನಿನಲ್ಲಿ ನೋಡಿದರೆ ಅಂಥ ಮನೆಗಳು ನೂರಾರು. ಎಲ್ಲದರ ಕೆಳಗೂ ರೊಮ್ಯಾಂಟಿಕ್ ಎಂದು ಬರೆದಿತ್ತು. ಹೊಸ ಗಂಡಹೆಂಡಿರಿಗೆ ಹೇಳಿ ಮಾಡಿಸಿದ್ದು, ಮೌನ, ಏಕಾಂತ, ದ್ರಾಕ್ಷಿ ತೋಟದ ನಡುವೆ ಸೂರ್ಯಾಸ್ತ. ನೋಡುತ್ತಾ ಹೋದಂತೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದಾಯಿತು. ಕೊನೆಗೆ ಮೂರನ್ನು ಉಳಿಸಿಕೊಂಡು ಒಂದು ಭಾನುವಾರ ಅಮ್ಮನಿಗೆ ತೋರಿಸಿದೆವು. ಹಾಗೆ ತೋರಿಸಿದ್ದು ತಮಾಷೆಗೆ. ಆದರೆ ಅಮ್ಮ ಹೆಣ್ಣು ನೋಡಲು ಹೋದವಳ ಹಾಗೆ ಕನ್ನಡಕ ಹಾಕಿಕೊಂಡು ಕೂತಳು.

ಮೊದಲನೆಯದು ಗಂಡನಿಗೆ ಇಷ್ಟವಾದದ್ದು, ಕ್ಯಾಲೆಂಡರಿನ ಮನೆಯಂಥದ್ದೇ. ದಿಬ್ಬದ ಮೇಲೆ ಹಳೆಯ ಕಲ್ಲಿನ ಮನೆ, ಮುಂದೆ ಈಜುಕೊಳ, ಸುತ್ತ ಬೇರೇನೂ ಇಲ್ಲ.

"ಇದೆಂತ, ಗಾರೆಯೇ ಹಾಕ್ಲಿಲ್ಲ? ಕಟ್ಟುವಾಗ ದುಡ್ಡು ಖಾಲಿಯಾಯ್ತಾ ಇವರಿಗೆ?"

"ಅತ್ತೆ, ಅದು ಮುನ್ನೂರು ವರ್ಷದ ಕಲ್ಲು. ಹಾಗೇ ಬಿಡೋದೇ ಚೆಂದ."

"ಮುನ್ನೂರು ವರ್ಷದಲ್ಲಿ ಒಂದು ಸಲ ಹಾಕ್ಬಹುದಿತ್ತು. ಪಕ್ಕದ ಮನೆ ಎಲ್ಲಿ?"

"ಪಕ್ಕದಲ್ಲಿ ಮನೆ ಇಲ್ಲ. ಅದೇ ರೊಮ್ಯಾಂಟಿಕ್."

"ಅಂದ್ರೆ ರೊಮ್ಯಾಂಟಿಕ್ ಅಂದ್ರೆ ಹತ್ತಿರ ಜನ ಇಲ್ಲದ್ದು, ಅಂಗಡಿ ಇಲ್ಲದ್ದು," ಎಂದು ಅಮ್ಮ ತನಗೆ ತಾನೇ ಅರ್ಥ ಮಾಡಿಕೊಂಡಳು. "ಬೇಡಪ್ಪ. ಹೊಟ್ಟೆನೋವು ಬಂದ್ರೆ ಯಾರನ್ನು ಕರೆಯುವುದು?"

ಎರಡನೆಯದು ನನ್ನದು. ಹಳ್ಳಿಯ ಹಳೆಯ ಕಾವಲು ಗೋಪುರದ ಮೇಲಿನ ದುಂಡನೆಯ ಕೋಣೆ, ಮಂಚದ ಪಕ್ಕದಲ್ಲೇ ಬಿಳಿಯ ಸ್ನಾನದ ತೊಟ್ಟಿ. ಅಮ್ಮ ಆ ತೊಟ್ಟಿಯನ್ನು ದೊಡ್ಡದು ಮಾಡಿ ನೋಡಿದಳು.

"ಮಲಗುವ ಕೋಣೆಯಲ್ಲಿ ಮೀಯುವುದಾ? ನೀರು ಚೆಲ್ಲಿದ್ರೆ ಒರೆಸುವುದು ಯಾರು, ನೀನಾ, ಇವರಾ?"

ನನ್ನ ಗಂಡ ಎದ್ದು ಬಾಲ್ಕನಿಗೆ ಹೋದರು. ಅಪ್ಪ ಪತ್ರಿಕೆಯ ಹಿಂದೆ ನಗುತ್ತಿದ್ದುದು ಪತ್ರಿಕೆ ಅಲುಗಿದ್ದರಿಂದ ಗೊತ್ತಾಯಿತು.

ಮೂರನೆಯದನ್ನು ನಾವು ಸುಮ್ಮನೆ ಇಟ್ಟುಕೊಂಡಿದ್ದೆವು. ಒಂದು ರೈತರ ಮನೆಯ ಮೇಲಂತಸ್ತು. ಕೆಳಗೆ ಮನೆಯ ಮುದುಕಿ ಇರುತ್ತಾಳೆ, ಸಣ್ಣ ಅಡುಗೆಮನೆ ಉಂಟು, ಹತ್ತು ಹೆಜ್ಜೆಗೆ ಚರ್ಚು ಮತ್ತು ಬ್ರೆಡ್ಡಿನ ಅಂಗಡಿ. ಫೋಟೋಗಳೂ ಚೆನ್ನಾಗಿರಲಿಲ್ಲ. ಒಂದರಲ್ಲಂತೂ ಆಲಿವ್ ಮರದಿಂದ ಕಂಬಕ್ಕೆ ಹಗ್ಗ ಕಟ್ಟಿ ಬಿಳಿ ಬೆಡ್‌ಶೀಟುಗಳನ್ನು ಒಣಹಾಕಿದ್ದರು. ಫೋಟೋ ತೆಗೆಯುವ ಮೊದಲು ಬಟ್ಟೆ ಎತ್ತಬೇಕೆಂದೂ ಯಾರಿಗೂ ತೋಚಿರಲಿಲ್ಲ.

ಅಮ್ಮ ಅಲ್ಲೇ ನಿಂತಳು. "ಬಟ್ಟೆ ಒಣಗಿಸಿದ್ದಾರೆ ನೋಡು."

"ಹೌದು. ಅದಕ್ಕೇ ಬೇಡ ಅಂತ."

"ಅದಕ್ಕೇ ಬೇಕು. ಇಲ್ಲಿ ಜನ ಇದ್ದಾರೆ ಮಾರಾಯ್ತಿ. ಬಿಸಿಲುಂಟು, ಗಾಳಿ ಉಂಟು. ನೋಡು, ಹೇಗೆ ಉಬ್ಬಿದೆ ಶೀಟು."

ಆ ಮಾತು ಏಕೆ ಬಂತೆಂದು ನನಗೆ ಗೊತ್ತಿತ್ತು. ಅಬುಧಾಬಿಯಲ್ಲಿ ಬಾಲ್ಕನಿಗೆ ಬಟ್ಟೆ ಒಣಹಾಕಿದರೆ ದಂಡ ಬೀಳುತ್ತದೆ. ಕೆಳಗಿನಿಂದ ವಾಚ್‌ಮನ್ ಬಂದು ಬಾಗಿಲು ಬಡಿಯುತ್ತಾನೆ. ಹೊರಗೆ ಅಷ್ಟು ಬಿಸಿಲಿಟ್ಟುಕೊಂಡು ಅಮ್ಮ ಇಷ್ಟೂ ವರ್ಷ ಬಟ್ಟೆಯನ್ನು ಬಾತ್‌ರೂಮಿನ ಮುಂದಿನ ಓಣಿಯಲ್ಲಿ, ಮಡಚುವ ಸ್ಟ್ಯಾಂಡಿನ ಮೇಲೆ, ಎಸಿಯ ಗಾಳಿಗೆ ಒಣಗಿಸಿದ್ದಳು. ಊರಿಗೆ ಹೋದರೆ ಮೊದಲು ಮಾಡುತ್ತಿದ್ದ ಕೆಲಸ ಸೂಟ್‌ಕೇಸಿನ ಬಟ್ಟೆಗಳನ್ನೆಲ್ಲ ತೊಳೆದು ಅಂಗಳದ ಹಗ್ಗಕ್ಕೆ ಹಾಕುವುದು. ಇಲ್ಲಿಂದ ಒಗೆದೇ ತಂದಿದ್ದ ಬಟ್ಟೆಗಳನ್ನೂ ಬಿಡುತ್ತಿರಲಿಲ್ಲ.

ಆ ದಿನ ತೀರ್ಮಾನವಾಗಲಿಲ್ಲ. ಗಂಡನಿಗೆ ದಿಬ್ಬದ ಮನೆಯೇ ಬೇಕಿತ್ತು, ನನಗೆ ಗೋಪುರ. ವೀಸಾ ಸೆಂಟರಿನಲ್ಲಿ ನಮಗೆ ಅದೇ ವಾರದ ಗುರುವಾರಕ್ಕೆ ಸಮಯ ಸಿಕ್ಕಿತ್ತು. ಅರ್ಜಿಯ ಜೊತೆ ಎಂಟೂ ರಾತ್ರಿಗೆ ಎಲ್ಲಿ ಉಳಿಯುತ್ತೇವೆಂದು ತೋರಿಸಬೇಕು. ಇಲ್ಲಿ ಎಲ್ಲರೂ ಮಾಡುವ ಒಂದು ಉಪಾಯವಿದೆ. ಯಾವುದಾದರೂ ಹೋಟೆಲನ್ನು ಹೆಸರಿಗೆ ಬುಕ್ ಮಾಡಿ, ಅದನ್ನು ತೋರಿಸಿ, ವೀಸಾ ಬಂದ ಮೇಲೆ ರದ್ದು ಮಾಡಿ ತಮಗೆ ಬೇಕಾದದ್ದನ್ನು ಹಿಡಿಯುವುದು. ಗಂಡ ಹಾಗೇ ಮಾಡೋಣ ಎಂದರು.

ಅಪ್ಪ ಪತ್ರಿಕೆ ಮಡಚಿದರು. "ಡಮ್ಮಿ ಬುಕಿಂಗ್ ಬೇಡ. ಕಾಗದದಲ್ಲಿ ಎಂತ ಉಂಟೋ ನೀವು ಹೋಗುವುದೂ ಅಲ್ಲಿಗೇ ಆಗ್ಬೇಕು."

"ಎಲ್ಲರೂ ಮಾಡ್ತಾರೆ ಮಾವ."

"ಎಲ್ಲರೂ ಮಾಡಿದ್ದನ್ನು ಸರಿ ಮಾಡ್ಲಿಕ್ಕೆ ನಾನು ಕಚೇರಿ ಕಚೇರಿ ಅಲೀತೇನೆ. ಒಂದು ವಾರ ತಡ ಆದ್ರೆ ಎಂತ ಆಗ್ತದೆ? ನಿಜವಾದದ್ದು ಆರಿಸಿ, ಆಮೇಲೆ ಕೊಡಿ."

ಹಾಗೆ ನಾವು ಆ ಗುರುವಾರವನ್ನು ಬಿಟ್ಟು ಮುಂದಿನ ಗುರುವಾರವನ್ನು ಹಿಡಿದೆವು. ಆ ವಾರವೆಲ್ಲ ನಮ್ಮಿಬ್ಬರ ನಡುವೆ ದಿಬ್ಬ ಮತ್ತು ಗೋಪುರದ ಜಗಳ. ಬಿಟ್ಟುಕೊಡಲು ಇಬ್ಬರಿಗೂ ಮನಸ್ಸಿಲ್ಲ. ಕೊನೆಗೆ ಬುಧವಾರ ಗಂಡ, "ನಿಮ್ಮಮ್ಮನದೇ ಮಾಡಿಬಿಡೋಣ ಕಣೇ, ಇಬ್ಬರೂ ಸೋತ ಹಾಗಾಗುತ್ತೆ," ಎಂದು ನಗುತ್ತ ಬೆಡ್‌ಶೀಟಿನ ಮನೆಯನ್ನು ಬುಕ್ ಮಾಡಿದರು. ಗುರುವಾರ ಪಾಸ್‌ಪೋರ್ಟ್ ಕೊಟ್ಟೆವು.

ಈಗ ಭಾನುವಾರ ಅಮ್ಮ ಕೇಳಿದ್ದು ಆ ಫೋಟೋವನ್ನೇ. ಗೆದ್ದವಳ ಖುಷಿ ಅವಳ ಮುಖದಲ್ಲಿತ್ತು. ಸಂಜೆ ನಾವು ಹೊರಟಾಗ ಲಿಫ್ಟಿನವರೆಗೆ ಬಂದಳು. ಸ್ಟೀಲ್ ಡಬ್ಬಿಯಲ್ಲಿ ಉಳಿದ ಸಾರು ಕೊಟ್ಟಳು. "ಡಬ್ಬಿ ವಾಪಸ್ ಬರ್ಬೇಕು," ಎಂದಳು. ಲಿಫ್ಟಿನ ಬಾಗಿಲು ಮುಚ್ಚುವಾಗ ಕೈ ಅಡ್ಡ ಹಿಡಿದು, "ಅಲ್ಲಿ ಹೋದ ದಿನವೇ ಒಂದು ಬೆಡ್‌ಶೀಟ್ ಒಗೆದು ಹಾಕು. ಎಷ್ಟು ಹೊತ್ತಿಗೆ ಒಣಗ್ತದೆ ಅಂತ ನಂಗೆ ಹೇಳ್ಬೇಕು," ಎಂದಳು.

"ಹನಿಮೂನಿಗೆ ಹೋಗಿ ಬೆಡ್‌ಶೀಟ್ ಒಗೆಯುವುದಾ?"

"ಹೋಗು ಹೋಗು, ದೊಡ್ಡ ಹನಿಮೂನಿನವಳು."

ಸೋಮವಾರ ಮಧ್ಯಾಹ್ನ ಅಪ್ಪ ಫೋನ್ ಮಾಡಿದಾಗ ನಾನು ಕಚೇರಿಯಲ್ಲಿ ಟಿಫಿನ್ ಬಿಚ್ಚುತ್ತಿದ್ದೆ. ಅಪ್ಪ ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವವರಲ್ಲ. "ಬೇಗ ಬಲ ಮಗಾ," ಎಂದರು ತುಳುವಿನಲ್ಲಿ, ಬೇಗ ಬಾ ಎಂದು. ಏನೆಂದು ಕೇಳಿದೆ. ಮತ್ತೆ ಅದನ್ನೇ ಹೇಳಿದರು.

ಊಟಕ್ಕೆಂದು ಮನೆಗೆ ಬಂದ ಅವರಿಗೆ ಅಮ್ಮ ಆ ಓಣಿಯಲ್ಲಿ, ಬಟ್ಟೆಯ ಸ್ಟ್ಯಾಂಡಿನ ಪಕ್ಕ ಬಿದ್ದಿದ್ದು ಕಂಡಿತ್ತು. ಆಂಬುಲೆನ್ಸಿನವರು ಬಂದಾಗ ಆಗಲೇ ಮುಗಿದಿತ್ತು. ಹೃದಯ ಎಂದರು. ಎಡಕ್ಕೂ ಬಲಕ್ಕೂ ಮೇಲಕ್ಕೂ ಕೆಳಕ್ಕೂ ಜನರಿದ್ದ ಕಟ್ಟಡದಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ.

ದುಬೈಯಿಂದ ಬನಿಯಾಸಿಗೆ ಹೋಗುವ ದಾರಿಯಲ್ಲಿ ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ಗಂಡ ಒಮ್ಮೆ ನನ್ನ ಕಡೆ ನೋಡಿ, ಏನೋ ಹೇಳಲು ಹೋಗಿ, ನಿಲ್ಲಿಸಿದ್ದು ನೆನಪಿದೆ. ಅವರಿಗೆ ಹೊಳೆದದ್ದು ನನಗೆ ಆಮೇಲೆ ಹೊಳೆಯಿತು. ಅಮ್ಮನನ್ನು ಊರಿಗೆ ಒಯ್ಯುತ್ತಾರೆ. ನನ್ನ ಪಾಸ್‌ಪೋರ್ಟ್ ನನ್ನ ಹತ್ತಿರ ಇಲ್ಲ.

ಊರಿಗೇ ಒಯ್ಯಬೇಕೆಂಬುದರಲ್ಲಿ ಮಾತೇ ಇರಲಿಲ್ಲ. ಉಡುಪಿಯ ಹತ್ತಿರದ ಹಳ್ಳಿಯಲ್ಲಿ ಅಮ್ಮನ ಅಮ್ಮ ಇನ್ನೂ ಇದ್ದಾರೆ. ಎಂಬತ್ತು ದಾಟಿದವರು, ಮಗಳ ಸುದ್ದಿ ಕೇಳಿದ ಹೊತ್ತಿನಿಂದ ಜಗಲಿಯಿಂದ ಏಳದೆ ಕೂತಿದ್ದರು. ನಮ್ಮ ಕಡೆ ಹೆಣವೆತ್ತುವ ಮೊದಲು ಮನೆಯವರೆಲ್ಲ ಒಬ್ಬೊಬ್ಬರಾಗಿ ತುಳಸಿಯೆಲೆ ಅದ್ದಿ ಬಾಯಿಗೆ ನೀರು ಬಿಡುತ್ತಾರೆ. ಮಕ್ಕಳ ನೀರು ಬೀಳದೆ ಹೆಣ ಎತ್ತುವುದಿಲ್ಲ. ಅಜ್ಜ ತೀರಿಕೊಂಡಾಗ ನಾನು ಸಣ್ಣವಳು. ಅಪ್ಪ ಅರ್ಧ ದಿನದಲ್ಲಿ ಎಲ್ಲ ಕಾಗದ ಮಾಡಿಸಿ ನಮ್ಮನ್ನು ವಿಮಾನ ಹತ್ತಿಸಿದ್ದರು. ಅಂಗಳ ತುಂಬ ಜನ ಅಮ್ಮನಿಗಾಗಿ ಕಾದಿದ್ದರು. ಅಮ್ಮ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿ, ಅಜ್ಜನ ಬಾಯಿಗೆ ನೀರು ಬಿಟ್ಟು, ಆಮೇಲೆ ಅತ್ತಳು. "ನೀರು ಬಿಟ್ಟೆನಲ್ಲ, ಅಷ್ಟು ಸಾಕು," ಎಂದು ಮುಂದೆ ಎಷ್ಟೋ ಸಲ ಹೇಳಿದ್ದಳು.

ಆದ್ದರಿಂದ ಆ ಎರಡು ದಿನ ನನ್ನ ತಲೆಯಲ್ಲಿದ್ದುದು ಒಂದೇ ಮಾತು. ಹೇಗಾದರೂ ಅಮ್ಮನ ಜೊತೆ ಹೋಗಬೇಕು.

ಸೋಮವಾರವೇ ಗಂಡ ವೀಸಾ ಸೆಂಟರಿಗೆ ಫೋನಿನ ಮೇಲೆ ಫೋನ್ ಮಾಡಿದರು. ಪಾಸ್‌ಪೋರ್ಟ್ ವಾಪಸ್ ಬೇಕಾದರೆ ಬಂದು ಅರ್ಜಿ ಕೊಡಬೇಕು, ಮರಣದ ಕಾಗದ ತೋರಿಸಬೇಕು ಎಂದರು. ಭಾರತದ ರಾಯಭಾರ ಕಚೇರಿಯಿಂದ ತುರ್ತು ಪ್ರಯಾಣಪತ್ರ ಸಿಗಬಹುದಾ ಎಂದು ನಾನು ಅಪ್ಪನನ್ನು ಕೇಳಿದೆ. "ಕಳೆದುಹೋದ್ರೆ ಸಿಗ್ತದೆ ಮಗಾ. ನಿನ್ನದು ಕಳೆದುಹೋಗ್ಲಿಲ್ಲ," ಎಂದರು.

ಅಪ್ಪ ಆ ದಿನ ಅಳಲಿಲ್ಲ. ಆ ಚೀಲ ಹಿಡಿದುಕೊಂಡು ಹೊರಟರು. ಆಸ್ಪತ್ರೆ, ಪೊಲೀಸು, ಮರಣಪತ್ರ, ಅಮ್ಮನ ವೀಸಾ ರದ್ದು, ಪಾಸ್‌ಪೋರ್ಟಿನ ರದ್ದು, ಶವಾಗಾರ, ಕಾರ್ಗೋ. ಬೇರೆಯವರಿಗಾದರೆ ಮೂರು ನಾಲ್ಕು ದಿನ ಹಿಡಿಯುವ ಕೆಲಸ. ಕಂಪೆನಿಯ ಕೆಲಸಗಾರರು ಸತ್ತಾಗ ಅವರು ಇದನ್ನು ಎಷ್ಟೋ ಸಲ ಮಾಡಿದ್ದರು. ಪ್ರತಿ ಕೌಂಟರಿನಲ್ಲೂ ಗುರುತಿನವರಿದ್ದರು. "ಯಾರಿಗೆ?" ಎಂದು ಅವರು ಕೇಳುವುದು, ಅಪ್ಪ "ನನ್ನ ಹೆಂಡತಿ" ಎನ್ನುವುದು, ಆ ಕಡೆಯವರು ಎದ್ದು ನಿಲ್ಲುವುದು. ಕೆಲಸ ಬೇಗ ಬೇಗ ಆಗುತ್ತ ಹೋಯಿತು. ಮಂಗಳವಾರ ಸಂಜೆಯ ಮಂಗಳೂರು ವಿಮಾನಕ್ಕೆ ಜಾಗವೂ ಸಿಕ್ಕಿತು.

ಅಪ್ಪನ ಕೆಲಸ ತಡವಾಗಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಒಂದು ಸಹಿ ಸಿಗದಿರಲಿ, ಒಬ್ಬ ಅಧಿಕಾರಿ ನಾಳೆ ಬಾ ಎನ್ನಲಿ. ಯಾರೂ ಹಾಗೆನ್ನಲಿಲ್ಲ.

ಮಂಗಳವಾರ ಬೆಳಿಗ್ಗೆ ಶವಾಗಾರದಲ್ಲಿ ಪೆಟ್ಟಿಗೆ ಮುಚ್ಚುವ ಮೊದಲು ಮುಖ ನೋಡಲು ಬಿಟ್ಟರು. ನನ್ನ ಕೈಚೀಲದಲ್ಲಿ ಸಣ್ಣ ಬಾಟಲಿಯಲ್ಲಿ ನೀರಿತ್ತು, ಅಮ್ಮನ ಕುಂಡದ ತುಳಸಿಯೂ ಇತ್ತು. ಒಂದು ವೇಳೆ ಎಂದು ಇಟ್ಟುಕೊಂಡಿದ್ದೆ.

"ಅಪ್ಪ, ಇಲ್ಲೇ ಬಿಡ್ಲಾ?" ಎಂದು ಮೆಲ್ಲಗೆ ಕೇಳಿದೆ.

ಅಪ್ಪ ಅಲ್ಲಿನ ಹುಡುಗನ ಕಡೆ ನೋಡಿದರು. ಅವನು ಕೈಗವಸು ಹಾಕಿಕೊಂಡು ನಮ್ಮನ್ನು ಕಾಯುತ್ತಿದ್ದ. ಬೇಡ ಎನ್ನುತ್ತಿದ್ದನೋ ಇಲ್ಲವೋ, ನಾವು ಕೇಳಲಿಲ್ಲ.

"ಇಲ್ಲಿ ಬೇಡ ಮಗಾ. ಈ ಲೈಟಿನ ಕೆಳಗೆ, ನಿಂತುಕೊಂಡು... ಮನೆಯಲ್ಲಿ ಬಿಡುವ. ಅಜ್ಜಿ ಇರ್ತಾರೆ, ಮುಂಬೈಯಿಂದ ನಿನ್ನ ಅಣ್ಣನೂ ಬಂದಿರ್ತಾನೆ. ಪಾಸ್‌ಪೋರ್ಟ್ ಸಂಜೆಯೊಳಗೆ ಬರ್ತದೆ."

ನನಗೂ ಹಾಗೇ ಅನಿಸಿತು. ಬೆಳಿಗ್ಗೆಯೇ ಗಂಡ ವೀಸಾ ಸೆಂಟರಿನಲ್ಲಿ ಅರ್ಜಿ ಕೊಟ್ಟಿದ್ದರು, ಕಾನ್ಸುಲೇಟಿನಿಂದ ಮಧ್ಯಾಹ್ನ ಬರುವ ಟಪಾಲು ಚೀಲದಲ್ಲಿ ಇರಬಹುದೆಂದು ಅಲ್ಲಿನವರೇ ಹೇಳಿದ್ದರು. ನಾನು ಅಮ್ಮನ ಹಣೆ ಮುಟ್ಟಿದೆ. ತುಂಬ ತಣ್ಣಗಿತ್ತು. ಬಾಟಲಿಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ಮಧ್ಯಾಹ್ನವೆಲ್ಲ ನಾವಿಬ್ಬರೂ ದುಬೈಯ ವೀಸಾ ಸೆಂಟರಿನಲ್ಲಿ ಕೂತೆವು. ನನ್ನ ಸೂಟ್‌ಕೇಸ್ ಕಾರಿನಲ್ಲಿತ್ತು. ಅಲ್ಲಿಂದ ಅಬುಧಾಬಿ ವಿಮಾನ ನಿಲ್ದಾಣಕ್ಕೆ ಒಂದೂಕಾಲು ಗಂಟೆ ಎಂದು ಗಂಡ ಲೆಕ್ಕ ಹಾಕುತ್ತಿದ್ದರು. ಸುತ್ತಮುತ್ತಲಿನವರ ಕೈಯಲ್ಲೆಲ್ಲ ಹೋಟೆಲ್ ಬುಕಿಂಗಿನ ಕಾಗದಗಳು. ನಮ್ಮ ಎದುರಿನ ಹೊಸ ಜೋಡಿಯೊಂದು ಫೋನಿನಲ್ಲಿ ಕೋಣೆಗಳನ್ನು ನೋಡುತ್ತ ಪಿಸುಪಿಸು ಜಗಳವಾಡುತ್ತಿತ್ತು. ಹುಡುಗಿಗೆ ಕಿಟಕಿಯಿಂದ ಸರೋವರ ಕಾಣಬೇಕು, ಹುಡುಗನಿಗೆ ಸ್ಟೇಷನ್ ಹತ್ತಿರವಿರಬೇಕು.

ಚೀಲ ಬಂತು. ಕೌಂಟರಿನ ಹುಡುಗಿ ಒಂದೊಂದೇ ಲಕೋಟೆ ಎತ್ತಿ ನೋಡಿದಳು. ನಮ್ಮದಿರಲಿಲ್ಲ.

"ಮ್ಯಾಡಮ್, ಆಜ್ ನಹೀ ಆಯಾ. ಕಲ್ ಪಕ್ಕಾ," ಎಂದಳು. ಅವಳ ದನಿ ಮೆತ್ತಗಿತ್ತು. ನಾಳೆ ಖಂಡಿತ.

"ಸಂಜೆ ಫ್ಲೈಟಿದೆ. ಅವಳ ತಾಯಿ ಅದರಲ್ಲಿ ಹೋಗ್ತಿದ್ದಾರೆ. ಒಂದು ಫೋನ್ ಮಾಡಿ ನೋಡಿ," ಎಂದು ಗಂಡ ಇಂಗ್ಲಿಷಿನಲ್ಲಿ ಹೇಳಿದರು. ಅವರ ದನಿ ಏರಿದ್ದನ್ನು ನಾನು ಮೊದಲ ಸಲ ಕೇಳಿದೆ. ಹುಡುಗಿ ಫೋನ್ ಮಾಡಿದಳು. ಆ ಕಡೆ ಕಚೇರಿ ಮುಚ್ಚಿತ್ತು.

ಅಷ್ಟರಲ್ಲಿ ಅಪ್ಪನ ಫೋನ್ ಬಂತು. ನಾನು ಹೊರಗೆ ಕಾರುಗಳು ನಿಂತಲ್ಲಿಗೆ ಹೋದೆ.

"ಬಂತಾ?"

"ಇಲ್ಲ ಅಪ್ಪ. ನಾಳೆಯಂತೆ."

ಹಿಂದೆ ಯಾವುದೋ ಗಾಡಿಯ ಸದ್ದು. ಅವರು ಕಾರ್ಗೋ ಕಟ್ಟಡದ ಹೊರಗಿದ್ದರು.

"ಪೆಟ್ಟಿಗೆ ಒಳಗೆ ಕೊಟ್ಟಾಯ್ತು," ಎಂದರು. "ಹೇಳಿದ್ರೆ ಹೊರಗೆ ತೆಗೀತಾರೆ. ಕೇಳಿದ್ದೇನೆ. ಆದ್ರೆ ಆಮೇಲೆ ಜಾಗ ಸಿಗುವುದು ಶುಕ್ರವಾರ. ಅಲ್ಲಿಯವರೆಗೆ ಪುನಃ ಫ್ರೀಜರಿನಲ್ಲಿ ಇಡ್ಬೇಕು. ನೀನು ಹೇಳು. ನಿಲ್ಲಿಸ್ಲಾ?"

ಅಪ್ಪ ಯಾವತ್ತೂ ನನ್ನನ್ನು ಕೇಳಿ ಏನನ್ನೂ ನಿರ್ಧರಿಸಿದವರಲ್ಲ. ಅವರು ಕಾಯುತ್ತಿದ್ದರು. ಗಾಡಿಯ ಸದ್ದು ನಿಂತಿತ್ತು.

"ಅಜ್ಜಿ ಎಂತ ಮಾಡ್ತಿದ್ದಾರೆ?" ಎಂದೆ.

"ಅಣ್ಣ ಹೇಳಿದ. ನೀರು ಕೂಡ ಕುಡೀಲಿಲ್ಲವಂತೆ. ಮಗಳು ಬರ್ಲಿ ಅಂತಾರಂತೆ."

ಮತ್ತೆ ಮೂರು ದಿನ. ಆ ಮುದುಕಿ ಜಗಲಿಯಲ್ಲಿ. ಅಮ್ಮ ಆ ಬಿಳಿ ಲೈಟಿನ ಕಟ್ಟಡದಲ್ಲಿ, ಡ್ರಾಯರಿನೊಳಗೆ. ಇಷ್ಟೂ ವರ್ಷ ಬಿಸಿಲಿಗೆ ಆಸೆಪಟ್ಟವಳು.

"ಹೋಗಿ ಅಪ್ಪ," ಎಂದೆ. "ಅಮ್ಮನನ್ನು ಕರ್ಕೊಂಡು ಹೋಗಿ."

"ನಿನ್ನ ನೀರು?"

ಬಾಟಲಿ ಇನ್ನೂ ನನ್ನ ಕೈಚೀಲದಲ್ಲೇ ಇತ್ತು. ಅವರು ಇನ್ನೊಮ್ಮೆ ಕೇಳಲಿಲ್ಲ. "ಖಲಾಸ್, ಖಲಾಸ್," ಎಂದು ಆ ಕಡೆ ಯಾರಿಗೋ ಹೇಳಿದ್ದು ಕೇಳಿಸಿತು. ಆಯಿತು, ಹಾಕಿಬಿಡಿ ಎಂದು. ಆಮೇಲೆ ಫೋನ್ ಇಟ್ಟರು. ಅಪ್ಪ ಅತ್ತದ್ದು ಆಗ ಎಂದು ಅವರ ಜೊತೆಗಿದ್ದ ಕಂಪೆನಿಯ ಡ್ರೈವರ್ ಆಮೇಲೆ ಹೇಳಿದ.

ಬುಧವಾರ ಬೆಳಿಗ್ಗೆ ಅಣ್ಣ ವೀಡಿಯೊ ಕಾಲ್ ಮಾಡಿದ. ಅವನು ಮುಂಬೈಯಿಂದ ಹಿಂದಿನ ದಿನವೇ ಊರು ಮುಟ್ಟಿದ್ದ. ಗಂಡ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಊಟದ ಮೇಜಿನ ಮೇಲಿಟ್ಟರು. ಮೊದಲು ಕಂಡದ್ದು ಅಂಗಳ, ಜನರ ಬೆನ್ನುಗಳು, ಅದರಾಚೆ ಬಟ್ಟೆಯ ಹಗ್ಗ. ಯಾರೋ ಅದರ ಮೇಲಿನ ಬಟ್ಟೆಗಳನ್ನು ಎತ್ತಿದ್ದರು. ಖಾಲಿ ಹಗ್ಗ.

ಅಮ್ಮನಿಗೆ ಹೆಂಗಸರು ಸೀರೆ ಉಡಿಸಿದ್ದರು, ಹಣೆಗೆ ದೊಡ್ಡ ಕುಂಕುಮ, ತಲೆ ತುಂಬ ಮಲ್ಲಿಗೆ. ಅಜ್ಜಿಯನ್ನು ಇಬ್ಬರು ಹಿಡಿದುಕೊಂಡು ಬಂದು ಕೂರಿಸಿದರು. ಅಜ್ಜಿ ನೀರು ಬಿಟ್ಟರು. ಅಪ್ಪ ಬಿಟ್ಟರು. ಅಣ್ಣ ಬಿಟ್ಟ. ಸಂಬಂಧಿಕರು ಒಬ್ಬೊಬ್ಬರಾಗಿ ಬಂದರು. ಚಿತ್ರ ನಡುನಡುವೆ ನಿಂತುಬಿಡುತ್ತಿತ್ತು, ಬಾಗಿದವರು ಬಾಗಿದಂತೆಯೇ. ಯಾರೋ ಹೆಂಗಸಿನ ದನಿ, "ಮಗಳದ್ದು?" ಎಂದು ಕೇಳಿತು.

"ಅವಳದ್ದು ನಾನು ಬಿಡ್ತೇನೆ," ಎಂದ ಅಣ್ಣ. ಮತ್ತೆ ಬಾಗಿದ.

ನಾನು ಅಡುಗೆಮನೆಯಿಂದ ಒಂದು ಚಮಚದಲ್ಲಿ ನೀರು ತಂದು ಹಿಡಿದಿದ್ದೆ. ಯಾವಾಗ ತಂದೆನೆಂದು ಗೊತ್ತಿಲ್ಲ. ಫೋನಿನ ಮುಂದೆ ಅದನ್ನು ಹಿಡಿದು ನಿಂತಿದ್ದೆ. ಗಂಡ ನನ್ನ ಕೈ ನೋಡಿದರು. ಅಮ್ಮನನ್ನು ಎತ್ತಿದರು. ಅಣ್ಣ ಫೋನ್ ಯಾರ ಕೈಗೋ ಕೊಟ್ಟ, ಆಕಾಶ ಕಂಡಿತು, ಆಮೇಲೆ ಕಾಲ್ ಕಡಿಯಿತು. ಆ ನೀರನ್ನು ಬಿಡಲು ಜಾಗವಿರಲಿಲ್ಲ. ತಿರುಗಿ ಲೋಟಕ್ಕೆ ಹೊಯ್ದೆ.

ಮಧ್ಯಾಹ್ನ ವೀಸಾ ಸೆಂಟರಿನಿಂದ ಸಂದೇಶ ಬಂತು. ನಮ್ಮ ಪಾಸ್‌ಪೋರ್ಟುಗಳು ಬಂದಿವೆ ಎಂದು. ಅದೇ ಹುಡುಗಿ ಲಕೋಟೆ ಕೊಟ್ಟಳು. ಒಡೆದು ನೋಡಿದರೆ ಒಳಗೆ ವೀಸಾ ಅಂಟಿಸಿತ್ತು. ವಾಪಸ್ ಕೊಡಿ ಎಂಬ ನಮ್ಮ ಅರ್ಜಿ ಹೋಗಿ ಮುಟ್ಟುವ ಮೊದಲೇ ಅವರು ಅದನ್ನು ಮಾಡಿ ಮುಗಿಸಿದ್ದರು. ಇಬ್ಬರಿಗೂ ಇಟಲಿಗೆ ಹೋಗಲು ಒಪ್ಪಿಗೆ ಸಿಕ್ಕಿತ್ತು. ಗಂಡ ಆ ಪುಟವನ್ನು ಬೇಗನೆ ಮುಚ್ಚಿದರು. ಹೊರಗೆ ಬಂದ ಮೇಲೆ ಕಾರಿನ ಬಾಗಿಲಿಗೆ ಹಣೆಯಿಟ್ಟು ತುಂಬ ಹೊತ್ತು ನಿಂತಿದ್ದರು. ಮದುವೆಯಾದ ಮೇಲೆ ನಾನು ಅವರಿಗೆ ಸಮಾಧಾನ ಹೇಳಿದ್ದು ಅದೇ ಮೊದಲು.

ನಾನು ಊರು ಮುಟ್ಟುವಾಗ ಬೂದಿ ಆರಿತ್ತು. ಬೊಜ್ಜದವರೆಗೆ, ಅಂದರೆ ಉತ್ತರಕ್ರಿಯೆ ಮುಗಿಯುವವರೆಗೆ ಅಲ್ಲೇ ಇದ್ದೆ. ಎಲೆಯಲ್ಲಿ ಬಡಿಸಿದೆ, ದೀಪ ಹಚ್ಚಿದೆ, ಹೇಳಿದ್ದನ್ನೆಲ್ಲ ಮಾಡಿದೆ. ಅಪ್ಪ ಒಂದು ದಿನ ಜಗಲಿಯಲ್ಲಿ ಕೂತಿದ್ದವರು, "ಆ ಡಮ್ಮಿ ಬುಕಿಂಗ್ ಮಾಡ್ಲಿಕ್ಕೆ ಬಿಡಬಹುದಿತ್ತು," ಎಂದರು. ಮೊದಲ ಗುರುವಾರವೇ ಕೊಟ್ಟಿದ್ದರೆ ಆ ಸೋಮವಾರದ ಹೊತ್ತಿಗೆ ಪಾಸ್‌ಪೋರ್ಟ್ ನನ್ನ ಮನೆಯಲ್ಲಿರುತ್ತಿತ್ತು. ಅವರು ಅದನ್ನು ಎಷ್ಟು ಸಲ ಲೆಕ್ಕ ಹಾಕಿದ್ದರೋ. ನಾನೂ ಹಾಕಿದ್ದೆ. ದಿಬ್ಬದ ಮನೆಗೋ ಗೋಪುರಕ್ಕೋ ಯಾರಾದರೊಬ್ಬರು ಹೂಂ ಎಂದಿದ್ದರೆ, ಅಮ್ಮ ಗಾರೆಯ ಮಾತು ತೆಗೆಯದಿದ್ದರೆ. ಹಾಗೆ ಲೆಕ್ಕ ಹಾಕಿದರೆ ಆ ಮಧ್ಯಾಹ್ನದ ನಗುವನ್ನೆಲ್ಲ ಒಂದೊಂದಾಗಿ ತೆಗೆಯುತ್ತ ಹೋಗಬೇಕಾಗುತ್ತದೆ. ನನಗೆ ಅದು ಬೇಡ.

"ನೀವು ಸರಿಯಾದದ್ದೇ ಹೇಳಿದ್ದು ಅಪ್ಪ," ಎಂದೆ. ಅವರು ತಲೆಯಾಡಿಸಿದರು, ಒಪ್ಪಿಕೊಂಡಂತೆ ಕಾಣಲಿಲ್ಲ.

ನಾವು ಇಟಲಿಗೆ ಹೋಗಲಿಲ್ಲ. ಬುಕಿಂಗ್ ರದ್ದು ಮಾಡುವಾಗ ಗಂಡ ಕಾರಣದ ಜಾಗದಲ್ಲಿ ಏನು ಬರೆದರೋ, ಆ ಮನೆಯ ಮುದುಕಿ ನಾಲ್ಕು ಸಾಲು ಬರೆದು ಕಳಿಸಿದಳು. ಯಾವಾಗ ಬಂದರೂ ಮೇಲಿನ ಕೋಣೆ ನಿಮಗಿದೆ, ನನ್ನ ತಾಯಿಯೂ ಅದೇ ಕೋಣೆಯಲ್ಲಿದ್ದಳು ಎಂದು. ವೀಸಾದ ಅವಧಿ ಪಾಸ್‌ಪೋರ್ಟಿನೊಳಗೇ ಮುಗಿಯಿತು. ಅಪ್ಪ ಈಗಲೂ ಬನಿಯಾಸಿನಲ್ಲಿದ್ದಾರೆ, ಈಗಲೂ ಚೀಲ ಹಿಡಿದು ಓಡಾಡುತ್ತಾರೆ. ಆ ಓಣಿಯ ಸ್ಟ್ಯಾಂಡಿನ ಮೇಲೆ ತಮ್ಮ ಎರಡು ಅಂಗಿಗಳನ್ನು ಒಣಗಿಸುತ್ತಾರೆ. ಭಾನುವಾರ ಹೋದರೆ ಪಾಸ್‌ಪೋರ್ಟ್ ಎಲ್ಲಿದೆ ಎಂದು ಈಗ ಕೇಳುವುದಿಲ್ಲ. ನಾನೇ ಹೇಳುತ್ತೇನೆ, ಮನೆಯಲ್ಲಿದೆ ಅಪ್ಪ ಎಂದು. ಸ್ಟೀಲ್ ಡಬ್ಬಿ ವಾಪಸ್ ಕೊಟ್ಟಿದ್ದೇನೆ.

ಕಳೆದ ವಾರ ಗಂಡ ಫೋನಿನಲ್ಲಿ ಆ ಮನೆಯನ್ನು ಮತ್ತೆ ತೆಗೆದು ನೋಡುತ್ತಿದ್ದರು. ಪಕ್ಕದಲ್ಲಿ ನಾನು ಬಂದು ಕೂತದ್ದು ಗೊತ್ತಾಗಿ ಮುಚ್ಚಲು ಹೋದರು.

"ಇರ್ಲಿ, ನೋಡಿ," ಎಂದೆ.

ಫೋಟೋಗಳನ್ನು ಬದಲಿಸಿರಲಿಲ್ಲ. ಆಲಿವ್ ಮರ, ಕಂಬ, ಗಾಳಿಗೆ ಉಬ್ಬಿದ ಬಿಳಿ ಬೆಡ್‌ಶೀಟು.

"ಹೋಗೋಣ್ವಾ?" ಎಂದರು. "ಈಗಲೇ ಅಲ್ಲ. ಯಾವಾಗಾದ್ರೂ."

"ಹೋಗುವ," ಎಂದೆ. "ಈ ಸಲ ಪಾಸ್‌ಪೋರ್ಟ್ ನೀವು ಮೊದಲು ಕೊಡಿ. ನಿಮ್ಮದು ವಾಪಸ್ ಬಂದ ಮೇಲೆ ನಾನು ಕೊಡ್ತೇನೆ." ಅಪ್ಪ ಒಬ್ಬರೇ ಇದ್ದಾರೆ. ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಒಂದು ದಿನ ಹೋಗುತ್ತೇವೆ. ಒಂದು ಬೆಡ್‌ಶೀಟ್ ಒಗೆದು ಆ ಹಗ್ಗಕ್ಕೆ ಹಾಕುತ್ತೇನೆ, ಎಷ್ಟು ಹೊತ್ತಿಗೆ ಒಣಗುತ್ತದೆಂದು ನೋಡುತ್ತೇನೆ. ಅಷ್ಟು ನನ್ನಿಂದ ಆಗುತ್ತದೆ.

ಅಮ್ಮನ ಬಾಯಿಗೆ ನನ್ನ ಕೈಯ ನೀರು ಬಿದ್ದಿಲ್ಲ.